ಅಜ್ಜಿಯ ಸತ್ಯವೇದಕ್ಕೆ ಆಡಿನ ತೊಗಲು

ಇಂಟರ್ನ್‌ಶಿಪ್ ಮುಗಿದ ವಾರ ನನ್ನ ಖಾತೆಗೆ 16,000 ರೂಪಾಯಿ ಬಿತ್ತು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಎರಡು ತಿಂಗಳು ವರ್ನಿಯರ್ ಕ್ಯಾಲಿಪರ್ ಹಿಡಿದು ವಾಲ್ವ್‌ಗಳ ಅಳತೆ ನೋಡಿದ್ದಕ್ಕೆ ಸಿಕ್ಕ ಸ್ಟೈಪೆಂಡ್ ಅದು. ಗೆಳೆಯರು ಇಯರ್‌ಬಡ್, ಶೂ, ಗೋವಾ ಎಂದು ಲೆಕ್ಕ ಹಾಕುತ್ತಿದ್ದರು. ನಾನು ಮೊದಲೇ ತೀರ್ಮಾನ ಮಾಡಿಕೊಂಡಿದ್ದೆ. ಬೆಟಗೇರಿಯಲ್ಲಿರುವ ನಮ್ಮ ಅಜ್ಜಿಗೆ ಚರ್ಮದ ಬೈಂಡಿಂಗ್ ಇರುವ ಒಂದು ಬೈಬಲ್ ಕೊಡಿಸಬೇಕು. ಅದೂ ಎಂಥದ್ದು? ನಮ್ಮ ಓಣಿಯಲ್ಲಿ ಯಾರ ಮನೆಯಲ್ಲೂ ಇರಬಾರದು, ಅಂಥದ್ದು.

ಪ್ರೀತಿ ಇತ್ತು, ಸುಳ್ಳಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ ಒಂದು ಹಳೆಯ ತಪ್ಪು ಕಾಡುತ್ತಿತ್ತು.

ನಮ್ಮ ಮನೆಯಲ್ಲಿ ಬೈಬಲ್ ಎನ್ನುವುದಿಲ್ಲ, ಸತ್ಯವೇದ ಎನ್ನುತ್ತೇವೆ. ಬಾಸೆಲ್ ಮಿಷನ್ ಕಾಲದಿಂದ ಬಂದ ಬೆಟಗೇರಿಯ ಮನೆಗಳಲ್ಲೆಲ್ಲ ಅದೇ ರೂಢಿ. ಅಜ್ಜಿಯ ಸತ್ಯವೇದ ಅವಳ ಮದುವೆಯಲ್ಲಿ ಅಜ್ಜ ಕೊಟ್ಟದ್ದು. ಅಜ್ಜ ಮಗ್ಗದ ಕೆಲಸದವರು. ಓದಿದ್ದು ಕಡಿಮೆ, ಆದರೆ ಪೆನ್ಸಿಲ್ ಇಟ್ಟುಕೊಂಡೇ ಓದುತ್ತಿದ್ದರಂತೆ. ಪುಟದ ಅಂಚಿನಲ್ಲಿ ಸಣ್ಣಗೆ ತಾರೀಖು ಬರೆದು, ಪಕ್ಕದಲ್ಲಿ ಎರಡು ಪದ: ‘ಮಗ್ಗ ಬಂತು’, ‘ಮಳಿ ಇಲ್ಲ’, ‘ಸಾಲ ತೀರಿತು’. ಮಲಾಕಿಯನ ಪುಸ್ತಕ ಮುಗಿದು ಮತ್ತಾಯ ಶುರುವಾಗುವ ಮೊದಲಿನ ಖಾಲಿ ಹಾಳೆಯಲ್ಲಿ ಮನೆಯವರ ಹುಟ್ಟು ಸಾವುಗಳ ಪಟ್ಟಿ ಇದೆ. ನನ್ನ ಹೆಸರು ಕೆಳಗಿನಿಂದ ಎರಡನೆಯದು. ಕೊನೆಯ ಸಾಲು ಅಜ್ಜನ ಸಾವಿನದು, ಅದು ಅಜ್ಜಿಯ ಕೈಬರಹ. ಅಜ್ಜಿ ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದವಳು, ಅಕ್ಷರ ಮುತ್ತಿನಂತೆ. ಆ ಒಂದು ಸಾಲಿನಲ್ಲಿ ಮಾತ್ರ ಓರೆಯಾಗಿದೆ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಆ ಪುಸ್ತಕ ಕೀರ್ತನೆಗಳ ಹತ್ತಿರ ಸರಿಯಾಗಿ ನಡುವೆ ಸೀಳಿತು. ದಿನಾ ತೆರೆಯುವ ಜಾಗ ಅದೇ ಅಲ್ಲವೇ. ಅಜ್ಜಿ ಮನೆಯಲ್ಲಿಲ್ಲದಾಗ ನಾನು ಬಡಗಿಯ ಹತ್ತಿರದಿಂದ ಮರಕ್ಕೆ ಹಚ್ಚುವ ಬಿಳಿ ಅಂಟು ತಂದು ಸೀಳಿನ ತುಂಬ ಸುರಿದೆ. ಮೇಲೆ ಕಂದು ಬಣ್ಣದ ಪ್ಯಾಕಿಂಗ್ ಟೇಪ್ ಸುತ್ತಿ ರುಬ್ಬುಗುಂಡು ಹೇರಿಟ್ಟೆ. ಆಗಲೇ ಎಂಜಿನಿಯರ್ ಆಗುವ ಲಕ್ಷಣ! ಮರುದಿನದಿಂದ ಪುಸ್ತಕ ಸೀಳಲಿಲ್ಲ ನಿಜ, ನಡುವೆ ತೆರೆಯುವುದನ್ನೂ ಬಿಟ್ಟಿತು. ಅಂಟು ಒಣಗಿ ಹಲಗೆಯಂತಾಗಿತ್ತು. ಅಜ್ಜಿ ಬೈಯಲಿಲ್ಲ. ‘ಇರ್ಲಿ ಬಿಡಪಾ, ಆ ಎರಡು ಪುಟ ನನಗ ಬಾಯಿಪಾಠ ಐತಿ’ ಅಂದಳು.

ಈ ವರ್ಷ ಇನ್ನೊಂದು ಸುದ್ದಿ ಬಂತು. ಅಜ್ಜಿಗೆ ಗ್ಲಾಕೋಮಾ. ಈಗಾಗಲೇ ಹೋದ ದೃಷ್ಟಿ ಮರಳಿ ಬರುವುದಿಲ್ಲ, ಡ್ರಾಪ್ಸ್ ಹಾಕಿಕೊಂಡು ಉಳಿದದ್ದನ್ನು ಕಾಪಾಡಿಕೊಳ್ಳಬೇಕು ಎಂದರು ಡಾಕ್ಟರು. ಹಾಗಾಗಿ ನನ್ನ ಉಡುಗೊರೆಗೆ ಕಾಲಮಿತಿಯೂ ಬಂದುಬಿಟ್ಟಿತು.

ಹಾಸ್ಟೆಲ್‌ನಲ್ಲಿ ರಾತ್ರಿ ಕೂತು ಹುಡುಕತೊಡಗಿದೆ. ನನಗೆ ಗೊತ್ತೇ ಇರದ ಲೋಕವೊಂದು ತೆರೆದುಕೊಂಡಿತು. ಬೈಕ್, ಕ್ಯಾಮೆರಾಗಳ ಬಗ್ಗೆ ನಾವು ಹೇಗೆ ವಾದ ಮಾಡುತ್ತೇವೋ ಹಾಗೆ ಬೈಬಲ್ ಬೈಂಡಿಂಗ್ ಬಗ್ಗೆ ವಾದ ಮಾಡುವ ಜನ ಇದ್ದಾರೆ! ಕೇಂಬ್ರಿಜ್ ವಿಶ್ವವಿದ್ಯಾಲಯದ ಮುದ್ರಣಾಲಯ 1591ರಿಂದ ಬೈಬಲ್ ಮುದ್ರಿಸುತ್ತಿದೆ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 1863ರಲ್ಲಿ ಶುರುವಾದ ಆರ್. ಎಲ್. ಆಲನ್ ಎಂಬ ಸಂಸ್ಥೆಯ ಹೆಸರು ಹೇಳಿದರೆ ಈ ಜನ ಕಣ್ಣರಳಿಸುತ್ತಾರೆ. ಇಂಥ ದುಬಾರಿ ಬೈಬಲ್‌ಗಳಲ್ಲಿ ಎಷ್ಟೋ ತಯಾರಾಗುವುದು ನೆದರ್ಲೆಂಡ್ಸಿನ ಹೇರೆನ್‌ವೇನ್ ಎಂಬ ಊರಿನ ಯೋಂಗ್‌ಬ್ಲೂಡ್ ಎಂಬ ಹಳೆಯ ಮನೆತನದ ಕಾರ್ಖಾನೆಯಲ್ಲಿ. ಬೆಲೆ 200 ಡಾಲರಿಗೂ ಮೇಲೆ. ನನ್ನ ಸ್ಟೈಪೆಂಡ್ ಪೂರ್ತಿ ಹೋಗಿ ಕಸ್ಟಮ್ಸ್ ಸುಂಕಕ್ಕೆ ಅಪ್ಪನ ಹತ್ತಿರ ಕೈಚಾಚಬೇಕು.

ಆದರೂ ವಿಡಿಯೊಗಳನ್ನು ನೋಡುತ್ತ ನೋಡುತ್ತ ಕರಗಿಹೋದೆ. ಆಡಿನ ಚರ್ಮದ ಮೆತ್ತನೆಯ ಹೊದಿಕೆ, ಬಾಳೆಲೆಯಂತೆ ಬಾಗುತ್ತದೆ. ಹೊದಿಕೆಯ ಅಂಚು ಹಾಳೆಗಳಿಗಿಂತ ಸ್ವಲ್ಪ ಹೊರಚಾಚಿ ಕೆಳಗೆ ಬಾಗಿರುತ್ತದೆ. ಅದಕ್ಕೆ ‘ಯಾಪ್’ ಅಂತ ಹೆಸರು. ಹತ್ತೊಂಬತ್ತನೇ ಶತಮಾನದಲ್ಲಿ ಲಂಡನ್ನಿನಲ್ಲಿ ವಿಲಿಯಂ ಯಾಪ್ ಎಂಬ ಪುಸ್ತಕದ ವ್ಯಾಪಾರಿ ಇದ್ದ. ಕೋಟಿನ ಜೇಬಿನಲ್ಲಿಟ್ಟರೂ ಹಾಳೆಯ ಅಂಚು ಮುದುಡದ ಬೈಬಲ್ ಬೇಕೆಂದು ಹಾಗೆ ಮಾಡಿಸಿದನಂತೆ. ಹಾಳೆಗಳ ಅಂಚಿಗೆ ಮೊದಲು ಕೆಂಪು ಬಣ್ಣ, ಅದರ ಮೇಲೆ ಚಿನ್ನದ ರೇಕು. ಮುಚ್ಚಿದಾಗ ಹೊನ್ನು, ತೆರೆದು ಬಾಗಿಸಿದಾಗ ಕೆಂಪು. ಅದು ಬರೀ ಚಂದಕ್ಕಲ್ಲ, ಧೂಳು ತೇವ ಒಳಗಿಳಿಯದಂತೆ ತಡೆಯುವುದಕ್ಕೂ ಹೌದು.

ಕಾಗದದ ಕತೆಯಂತೂ ನನ್ನಂಥ ಮೆಕ್ಯಾನಿಕಲ್ ಹುಡುಗನಿಗೆ ಹಬ್ಬ. ನಮ್ಮ ಅಸೈನ್‌ಮೆಂಟಿನ ಎ4 ಹಾಳೆ ಚದರ ಮೀಟರಿಗೆ 75 ಗ್ರಾಂ ತೂಗುತ್ತದೆ, ದಪ್ಪ ಸುಮಾರು 0.1 ಮಿಲಿಮೀಟರ್. ಅಜ್ಜಿಯ ಸತ್ಯವೇದದಲ್ಲಿ ಹೆಚ್ಚುಕಡಿಮೆ 1,400 ಪುಟ, ಅಂದರೆ 700 ಹಾಳೆ. ಎ4 ಕಾಗದದಲ್ಲಿ ಮಾಡಿದರೆ ಪುಸ್ತಕ ಏಳು ಸೆಂಟಿಮೀಟರ್ ದಪ್ಪವಾಗಿ ಇಟ್ಟಿಗೆಗೆ ಸವಾಲು ಹಾಕುತ್ತದೆ. ಆಮೇಲೆ ಆ ಪುಸ್ತಕವನ್ನು ಕಾಲೇಜಿಗೆ ತಂದು ಮೆಟ್ರಾಲಜಿ ಲ್ಯಾಬಿನಲ್ಲಿ ನೂರು ಹಾಳೆ ಹಿಡಿದು ಅಳೆದೆ. 4.8 ಮಿಲಿಮೀಟರ್. ಒಂದು ಹಾಳೆಗೆ 0.05ಕ್ಕಿಂತ ಕಡಿಮೆ! ವಿದೇಶಿ ಬೈಬಲ್‌ಗಳಲ್ಲಿ 28 ಗ್ರಾಮಿನ ಕಾಗದವೂ ಬರುತ್ತದೆ. ಇಷ್ಟು ತೆಳುವಾದರೂ ಹಿಂದಿನ ಪುಟದ ಅಕ್ಷರ ಮುಂದಕ್ಕೆ ಕಾಣಬಾರದು. ಆ ವಿದ್ಯೆಯಿಂದಲೇ ಆಕ್ಸ್‌ಫರ್ಡ್‌ನವರು 1875ರಲ್ಲಿ ತಂದ ‘ಇಂಡಿಯಾ ಪೇಪರ್’ ಪ್ರಸಿದ್ಧವಾಯಿತು. ಹೆಸರು ಇಂಡಿಯಾ, ತಯಾರಾದದ್ದು ಇಂಗ್ಲೆಂಡಿನಲ್ಲಿ. ಪೂರ್ವ ದೇಶದಿಂದ ಯಾರೋ ಒಯ್ದ ತೆಳು ಕಾಗದ ಅದಕ್ಕೆ ಮಾದರಿ. ಪೂರ್ವದಿಂದ ಬಂದದ್ದೆಲ್ಲ ಅವರಿಗೆ ಇಂಡಿಯಾವೇ.

ಕಾಗದ ಎಷ್ಟೇ ಒಳ್ಳೆಯದಾದರೂ ನೆರಳು ಸ್ವಲ್ಪ ಕಾಣಿಸಿಯೇ ಕಾಣಿಸುತ್ತದೆ. ಅದಕ್ಕೊಂದು ಉಪಾಯ ಇದೆ. ಹಾಳೆಯ ಈ ಬದಿಯ ಸಾಲು ಆ ಬದಿಯ ಸಾಲಿನ ಬೆನ್ನಿಗೇ ಬರುವಂತೆ ಮುದ್ರಿಸುವುದು. ಆಗ ನೆರಳು ಅಕ್ಷರದ ಹಿಂದೆಯೇ ಅಡಗಿ, ಸಾಲುಗಳ ನಡುವಿನ ಬಿಳಿ ಬಿಳಿಯಾಗಿಯೇ ಉಳಿಯುತ್ತದೆ. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ. ನಾನು ಮಾತ್ರ ಆಗ ಅದನ್ನು ಓದಿ ಮರೆತು, ಮೆರೂನ್ ಬಣ್ಣದ ಆಡಿನ ಚರ್ಮದ ಬೈಬಲ್ ಒಂದನ್ನು ಕಾರ್ಟಿಗೆ ಹಾಕಿಯೇಬಿಟ್ಟಿದ್ದೆ.

ನನ್ನ ರೂಮ್‌ಮೇಟ್ ವಿಜಯಪುರದವನು. ಮಂಚದ ಮೇಲಿಂದ ಬಗ್ಗಿ ನೋಡಿದ. ‘ನಿಮ್ಮ ಅಜ್ಜಿ ಇಂಗ್ಲಿಷ್ ಓದ್ತಾರೇನಲೇ?’ ಅಂದ.

ನಾಲ್ಕು ರಾತ್ರಿ ಹುಡುಕಿದ ನನಗೆ ಈ ಪ್ರಶ್ನೆ ಹೊಳೆದಿರಲೇ ಇಲ್ಲ. ಅಜ್ಜಿಗೆ ಇಂಗ್ಲಿಷ್ ಓದಲು ಬರುತ್ತದೆ, ಬ್ಯಾಂಕಿನ ಚೆಕ್ಕು, ಔಷಧದ ಚೀಟಿ ಓದುವಷ್ಟು. ಪ್ರಾರ್ಥನೆಗೆ ಅವಳಿಗೆ ಕನ್ನಡವೇ ಬೇಕು. ಆ ಕನ್ನಡಕ್ಕೂ ಇತಿಹಾಸವಿದೆ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಮೊದಲಾದವರು ವರ್ಷಗಟ್ಟಲೆ ಕೂತು ಅನುವಾದಿಸಿ, 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಬಂತು. ಹತ್ತು ವರ್ಷದ ಮೇಲೆ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಪ್ರೆಸ್ ಶುರುವಾಯಿತು. ಕಿಟೆಲರ ನಿಘಂಟು 1894ರಲ್ಲಿ ಬಂದದ್ದೂ ಅದೇ ಪ್ರೆಸ್ಸಿನಿಂದ. ಅಜ್ಜಿಗೆ ಇದೆಲ್ಲ ಮುಖ್ಯವಲ್ಲ. ‘ಆದಿಕಾಂಡ’, ‘ವಿಮೋಚನಕಾಂಡ’, ‘ಜ್ಞಾನೋಕ್ತಿಗಳು’ ಎಂಬ ಹೆಸರುಗಳೇ ಅವಳಿಗೆ ಮನೆಯ ಮಕ್ಕಳ ಹೆಸರಿದ್ದಂತೆ. ಕಾರ್ಟ್ ಖಾಲಿ ಮಾಡಿ ಮಲಗಿದೆ.

ಕನ್ನಡದಲ್ಲಿ ಚರ್ಮದ ಬೈಂಡಿಂಗ್ ಹುಡುಕಿಕೊಂಡು ಬೆಂಗಳೂರಿನಲ್ಲಿ ನಾಲ್ಕು ಅಂಗಡಿ ಅಲೆದೆ. ಜಿಪ್ ಇರುವುದು ಸಿಕ್ಕಿತು, ಬೆರಳಚ್ಚು ಹಾಕುವಂತೆ ಅಂಚಿನಲ್ಲಿ ಅಕ್ಷರ ಕೊರೆದದ್ದು ಸಿಕ್ಕಿತು, ಚರ್ಮದ್ದು ಒಂದೂ ಸಿಗಲಿಲ್ಲ. ಒಂದು ಕಡೆ ‘ಲೆದರ್ ಇದೆ’ ಎಂದು ತಂದು ತೋರಿಸಿದರು. ಅಷ್ಟರಲ್ಲಿ ನಾನು ಸ್ವಲ್ಪ ಬಲಿತಿದ್ದೆ. ನಿಜವಾದ ಚರ್ಮವನ್ನು ಬೆರಳಿನಿಂದ ಒತ್ತಿದರೆ ಸುತ್ತ ಸಣ್ಣ ಸುಕ್ಕು ಏಳುತ್ತದೆ, ಕೈಯ ಚರ್ಮದಲ್ಲಿ ಏಳುವ ಹಾಗೆ. ಇದು ಏಳಲಿಲ್ಲ. ‘ಬಾಂಡೆಡ್ ಲೆದರ್’ ಎಂದು ಮುದ್ರಿಸಿದ್ದರೆ ಚರ್ಮದ ಚೂರುಪಾರನ್ನು ಪುಡಿಮಾಡಿ ಅಂಟಿನಲ್ಲಿ ಕಲಸಿ ಹಾಳೆ ಎಳೆದದ್ದು ಎಂದರ್ಥ. ನಮ್ಮ ಪಾರ್ಟಿಕಲ್ ಬೋರ್ಡ್ ಮೇಜಿಗೂ ತೇಗದ ಮೇಜಿಗೂ ಇರುವಷ್ಟೇ ವ್ಯತ್ಯಾಸ. ಪಿಯು ಎಂದಿದ್ದರೆ ಅದು ಬಟ್ಟೆಯ ಮೇಲೆ ಬಳಿದ ಪ್ಲಾಸ್ಟಿಕ್. ತೇವಕ್ಕೆ ಅದರ ಕಣಗಳ ಬಂಧ ಕಳಚಿ ಕೆಲವೇ ವರ್ಷಕ್ಕೆ ಸಿಪ್ಪೆ ಏಳುತ್ತದೆ. ಹಾಸ್ಟೆಲ್ಲಿನ ಸೋಫಾ ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಆಡಿನ ಚರ್ಮಕ್ಕೇ ಯಾಕೆ ಇಷ್ಟು ಮರ್ಯಾದೆ? ಕುರಿಯ ಚರ್ಮದ ಪದರಗಳು ಸಡಿಲ, ಉಜ್ಜಿದರೆ ಮೇಲ್ಪದರ ಬಿಡುತ್ತದೆ. ಆಡಿನದರಲ್ಲಿ ನಾರುಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದಿರುತ್ತವೆ, ತೆಳುವಾಗಿ ಕೆತ್ತಿದರೂ ಹರಿಯುವುದಿಲ್ಲ. ಆದರೆ ಪ್ರಾಣಿ ಯಾವುದು ಎಂಬುದರಷ್ಟೇ ಮುಖ್ಯ ಅದನ್ನು ಹದ ಮಾಡಿದ್ದು ಯಾವುದರಲ್ಲಿ ಎಂಬುದು. ಇಲ್ಲಿ ನಮ್ಮ ನೆಲದ ಒಂದು ಗಿಡ ಬರುತ್ತದೆ. ರಸ್ತೆ ಬದಿಯಲ್ಲಿ ಹಳದಿ ಹೂ ಬಿಡುವ ಆವರಿಕೆ, ಕೆಲವೆಡೆ ತಂಗಡಿ ಎನ್ನುತ್ತಾರೆ. ಅದರ ತೊಗಟೆಯಲ್ಲಿ ಹದ ಮಾಡಿದ ಆಡು, ಕುರಿ ಚರ್ಮ ಮದ್ರಾಸ್ ಕಡೆಯಿಂದ ಹಡಗುಗಟ್ಟಲೆ ಲಂಡನ್ನಿಗೆ ಹೋಗುತ್ತಿತ್ತು. ಅಗ್ಗ, ನೋಡಲು ಚಂದ. ಆದರೆ ಕೆಲವೇ ದಶಕದಲ್ಲಿ ಪುಸ್ತಕಗಳ ಬೆನ್ನು ಕೆಂಪು ಪುಡಿಯಾಗಿ ಉದುರತೊಡಗಿತು. ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ ಸಮಿತಿ ಮಾಡಿ ತನಿಖೆ ನಡೆಸಿತು. 1901ರ ವರದಿಯಲ್ಲಿ ನಮ್ಮ ಆವರಿಕೆಯ ಚರ್ಮ ಪುಸ್ತಕಕ್ಕೆ ಆಗಿಬರುವುದಿಲ್ಲ, ಸುಮಾಕ್ ಎಂಬ ಗಿಡದ ಎಲೆಯಲ್ಲಿ ಹದ ಮಾಡಿದ್ದೇ ಉತ್ತಮ ಎಂದಿತು. ಬಣ್ಣ ಹಾಕುವಾಗ ಬಳಸುವ ಗಂಧಕಾಮ್ಲ, ಗ್ಯಾಸ್ ದೀಪದ ಹೊಗೆ ಎರಡೂ ಸೇರಿ ಚರ್ಮವನ್ನು ತಿನ್ನುತ್ತಿದ್ದವು. ಓದಿ ನನಗೆ ಯಾಕೋ ಆ ಗಿಡದ ಮೇಲೆ ಮರುಕ ಬಂತು. ಚಪ್ಪಲಿಗೆ, ಚೀಲಕ್ಕೆ ಸೈ ಅನ್ನಿಸಿಕೊಂಡದ್ದು ಗ್ರಂಥಾಲಯದಲ್ಲಿ ಫೇಲಾಯಿತು.

ದಸರಾ ರಜೆಯಲ್ಲಿ ಅಜ್ಜಿಯನ್ನು ಕಣ್ಣಿನ ತಪಾಸಣೆಗೆ ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ಮುಗಿಸಿಕೊಂಡು ಹತ್ತಿರದ ಒಂದು ಕ್ರೈಸ್ತ ಪುಸ್ತಕದ ಅಂಗಡಿಗೆ ಹೊಕ್ಕೆವು. ನಿಜವಾದ ಪಾಠ ನನಗೆ ಆಗಿದ್ದು ಅಲ್ಲಿ.

ಮೊದಲು ಜಿಪ್ ಇರುವ ಕಪ್ಪು ಹೊದಿಕೆಯದನ್ನು ಕೊಟ್ಟೆ. ಅಜ್ಜಿ ಜಿಪ್ ಎಳೆದಳು, ಮತ್ತೆ ಹಾಕಿದಳು. ‘ಇದೇನ್ ಸತ್ಯವೇದ ಏನ್ ಪರ್ಸು?’ ಅಂದು ಪಕ್ಕಕ್ಕಿಟ್ಟಳು. ಎರಡನೆಯದು ಹೊಳೆಯುವ ಬಿಳಿ ಕಾಗದದ್ದು, ನನ್ನ ಕಣ್ಣಿಗೆ ಚಂದ ಕಂಡಿತ್ತು. ಅವಳು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಮುಖ ಕಿವುಚಿದಳು. ‘ಕಣ್ಣಾಗ ಹೊಡೀತೈತಿ.’ ಮೂರನೆಯದರ ಅಕ್ಷರ ದೊಡ್ಡದಿತ್ತು. ಎರಡು ಸಾಲು ಓದಿ ನಿಲ್ಲಿಸಿದಳು. ‘ಅಕ್ಷರದ ಸಂದ್ಯಾಗ ಇನ್ನೊಂದು ಅಕ್ಷರ ಕಾಣ್ತಾವು. ಯಾವುದು ಒತ್ತು, ಯಾವುದು ನೆರಳು ತಿಳೀವಲ್ದು.’

ಹಿಂದಿನ ಪುಟದ ನೆರಳು! ಗ್ಲಾಕೋಮಾದಲ್ಲಿ ಮಸುಕು ಮತ್ತು ಗಾಢದ ವ್ಯತ್ಯಾಸ ಗುರುತಿಸುವ ಶಕ್ತಿ ಕುಗ್ಗುತ್ತದೆ ಎಂದು ಡಾಕ್ಟರು ಅರ್ಧ ಗಂಟೆಯ ಹಿಂದಷ್ಟೇ ಹೇಳಿದ್ದರು. ನಮಗೆ ತಿಳಿಬೂದಿಯಾಗಿ ಕಾಣುವ ನೆರಳು ಅವಳಿಗೆ ಅಕ್ಷರದಷ್ಟೇ ಕಪ್ಪು. ಇಂಗ್ಲಿಷಿನಲ್ಲಾದರೆ ಸಾಲಿನ ಕೆಳಗೆ ಖಾಲಿ. ನಮ್ಮಲ್ಲಿ ಒತ್ತಕ್ಷರ ಇಳಿದು ಬರುತ್ತದೆ, ಗುಡಿಸು ಕೊಂಬು ಮೇಲೆ ಪಕ್ಕ ಹಬ್ಬುತ್ತವೆ. ಹಿಂದಿನ ಸಾಲಿನ ನೆರಳೂ ಅದೇ ಜಾಗಕ್ಕೆ ಬಂದರೆ ‘ಸತ್ಯ’ವೋ ‘ಸತ್ತ’ವೋ ಹೇಗೆ ತಿಳಿಯಬೇಕು? ಕನ್ನಡದ ಪುಸ್ತಕಕ್ಕೆ ಸಾಲಿನ ನಡುವೆ ಜಾಗವೂ ಹೆಚ್ಚು ಬೇಕು, ಕಾಗದವೂ ದಟ್ಟ ಬೇಕು. ಅದಕ್ಕೇ ಕನ್ನಡದ ಬೈಬಲ್ ಇಂಗ್ಲಿಷಿನದಕ್ಕಿಂತ ದಪ್ಪ. ನಾನು ಇಷ್ಟು ದಿನ ನೋಡಿದ್ದು ಹೊದಿಕೆಯನ್ನು. ಅವಳು ಐದು ನಿಮಿಷದಲ್ಲಿ ನೋಡಿದ್ದು ಹಾಳೆಯನ್ನು.

ನಾಲ್ಕನೆಯದು ರಟ್ಟಿನ ಹೊದಿಕೆಯದು. ಕಾಗದ ಕೆನೆ ಬಣ್ಣ, ಸ್ವಲ್ಪ ಒರಟು, ಅಕ್ಷರ ದಪ್ಪ. ನಾನು ಹಾಳೆಯ ಹಿಂದೆ ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಎರಡು ಬದಿಯ ಸಾಲುಗಳು ಬೆನ್ನಿಗೆ ಬೆನ್ನು ಕೂತಿದ್ದವು. ಬೆನ್ನಿನ ಮೇಲ್ತುದಿಯಲ್ಲಿ ಇಣುಕಿದೆ. ಮಡಿಸಿದ ಫಾರಂಗಳ ಸಣ್ಣ ಸಣ್ಣ ಕಮಾನು ಸಾಲಾಗಿ ಕಂಡವು, ಅಂದರೆ ಹೊಲಿಗೆ. ಬರೀ ಅಂಟಿನದಾದರೆ ಅಲ್ಲಿ ಚಪ್ಪಟೆಯಾದ ಗೋಡೆ ಕಾಣುತ್ತದೆ. ನಮ್ಮ ಗೈಡ್‌ಗಳು, ಸ್ಪರ್ಧಾತ್ಮಕ ಪರೀಕ್ಷೆಯ ದಪ್ಪ ಪುಸ್ತಕಗಳು ಪರೀಕ್ಷೆಗೆ ಮೊದಲೇ ಹಾಳೆ ಹಾಳೆಯಾಗಿ ಉದುರುವುದು ಇದಕ್ಕೇ. ಮೊದಲ ಪುಟ ತೆರೆದು ಮೇಜಿನ ಮೇಲಿಟ್ಟೆ. ಮುಚ್ಚಿಕೊಳ್ಳಲಿಲ್ಲ. ಕೊನೆಯ ಪುಟಕ್ಕೂ ಹಾಗೇ ಮಾಡಿದೆ. ಅಜ್ಜಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಎತ್ತಿ, ತೂಕ ನೋಡಿ, ತರಕಾರಿ ಆರಿಸುವ ಹಾಗೆ ಎಲ್ಲ ಕಡೆ ತಿರುಗಿಸಿ, ಅರ್ಧ ಪುಟ ಓದಿದಳು. ಅಂಗಡಿಯವರೂ ಮಾತು ನಿಲ್ಲಿಸಿದರು. 850 ರೂಪಾಯಿ.

‘ಇದ ಸಾಕು’ ಅಂದಳು. ಆಮೇಲೆ ಸ್ವಲ್ಪ ತಡೆದು, ‘ಆದರ ಹಳೇದನ್ನ ಎಲ್ಲೂ ಒಗಿಬ್ಯಾಡ್ರಿ ಮತ್ತ.’

ಚರ್ಮಕ್ಕೆ ಜಾಗ ಸಿಕ್ಕಿದ್ದು ಈ ಮಾತಿನಲ್ಲಿ. ಓದಲು ಹೊಸದು. ಹಳೆಯದಕ್ಕೆ ಆಡಿನ ತೊಗಲಿನ ಹೊದಿಕೆ ಹಾಕಿಸುತ್ತೇನೆ ಅಂದೆ. ಯಾವ ಬಣ್ಣ ಎಂದು ಕೇಳಿದಾಗ ಅಜ್ಜಿ ಯೋಚಿಸಲೇ ಇಲ್ಲ. ‘ವಿಮೋಚನಕಾಂಡದಾಗ ದೇವರ ಗುಡಾರಕ್ಕ ಕೆಂಪು ಬಣ್ಣ ಹಾಕಿದ ಟಗರಿನ ತೊಗಲು ಹೊದಿಸಿದ್ರು. ಕೆಂಪನ ಹಾಕ್ಸು.’ ವಿದೇಶಿ ಕಂಪನಿಗಳ ಬಣ್ಣದ ಚಾರ್ಟುಗಳನ್ನೆಲ್ಲ ನೋಡಿದ್ದ ನಾನು ತೆಪ್ಪಗಾದೆ.

ಬೆಂಗಳೂರಿಗೆ ಬಂದು ಅವೆನ್ಯೂ ರಸ್ತೆಯ ಆಸುಪಾಸಿನ ಗಲ್ಲಿಗಳಲ್ಲಿ ಬೈಂಡರ್‌ಗಳನ್ನು ಹುಡುಕಿದೆ. ಮೊದಲನೆಯವರು ಪುಸ್ತಕ ಕೈಗೆತ್ತಿಕೊಂಡು ಹತ್ತು ಸೆಕೆಂಡಿನಲ್ಲಿ ಹೇಳಿದರು, ‘250 ರೂಪಾಯಿ, ನಾಳೆ ಸಂಜೆ ಬನ್ನಿ.’ ಹೇಗೆ ಮಾಡ್ತೀರಿ ಎಂದು ಕೇಳಿದೆ. ಬದಿಯಿಂದ ತೂತು ಕೊರೆದು ಹೊಲಿದು, ಮೂರೂ ಕಡೆ ಕಟಿಂಗ್ ಮಷಿನ್ನಿಗೆ ಕೊಟ್ಟು ಅಂಚು ಸಮ ಮಾಡುತ್ತಾರಂತೆ. ‘ಹೊಸದರ ಥರ ಆಗುತ್ತೆ.’ ಎಷ್ಟು ಕತ್ತರಿಸುತ್ತೀರಿ? ‘ಮೂರು ನಾಲ್ಕು ಎಂಎಂ, ಅಷ್ಟೇ.’

ಅಷ್ಟೇ! ಮಷಿನ್ ಡ್ರಾಯಿಂಗಿನಲ್ಲಿ ಅರ್ಧ ಎಂಎಂ ತಪ್ಪಿದ್ದಕ್ಕೆ ಮಾರ್ಕ್ಸ್ ಕಳೆದುಕೊಂಡವನು ನಾನು. ಪುಟ ತೆರೆದು ನೋಡಿದೆ. ‘ಮಳಿ ಇಲ್ಲ’ ಎಂಬ ಅಜ್ಜನ ಅಕ್ಷರ ಅಂಚಿನಿಂದ ಎರಡು ಎಂಎಂ ದೂರದಲ್ಲಿತ್ತು. ಪುಸ್ತಕ ಎದೆಗವುಚಿಕೊಂಡು ಎದ್ದು ಬಂದೆ. ಅವರ ತಪ್ಪೇನೂ ಇಲ್ಲ. ಲೆಡ್ಜರ್, ಪ್ರಾಜೆಕ್ಟ್ ರಿಪೋರ್ಟ್ ಬೈಂಡ್ ಮಾಡುವವರಿಗೆ ಅಂಚು ಸಮವಾಗಿರುವುದೇ ಕೆಲಸದ ಗುರುತು.

ಇನ್ನೊಬ್ಬರನ್ನು ತೋರಿಸಿಕೊಟ್ಟದ್ದು ಪಕ್ಕದ ಹಳೇ ಪುಸ್ತಕದ ಅಂಗಡಿಯವರು. ಮೆಟ್ಟಿಲ ಕೆಳಗಿನ ಸಣ್ಣ ಜಾಗ, ಎಪ್ಪತ್ತರ ಆಸುಪಾಸಿನ ಚಾಚಾ. ಅವರು ಹೊದಿಕೆಯನ್ನು ನೋಡಲೇ ಇಲ್ಲ. ಫಾರಂ ಎಣಿಸಿದರು. 32 ಪುಟದ್ದು ಒಂದರಂತೆ 44. ದಾರ ಎಳೆದು ನೋಡಿದರು, ಕಾಗದದ ಮೂಲೆ ಮಡಚಿ ಬಿಟ್ಟರು, ಮುರಿಯಲಿಲ್ಲ. ‘ಕಾಗದಕ್ಕೆ ಜೀವ ಇದೆ. ಹೊಲೀಬಹುದು’ ಅಂದರು. ಆಮೇಲೆ ಕೀರ್ತನೆಗಳ ಹತ್ತಿರ ಬೆರಳು ನಿಂತಿತು.

‘ಇದು ಯಾರು ಮಾಡಿದ್ದು?’

‘ಗೊತ್ತಿಲ್ಲ ಚಾಚಾ, ಹಳೇದು’ ಅಂದೆ.

‘ಮರಕ್ಕೆ ಹಾಕೋದು ಪುಸ್ತಕಕ್ಕೆ ಹಾಕಿದಾನೆ. ಮೈದಾ ಸರಿ ಹಾಕಿದ್ರೆ ನೀರು ಹಚ್ಚಿದ್ರೆ ಬಿಡುತ್ತೆ. ಇದು ಕಾಗದ ಕಿತ್ಕೊಂಡೇ ಬರೋದು.’ ನನ್ನ ಮುಖ ನೋಡಿದರು. ನಾನು ಮೆಟ್ಟಿಲು ನೋಡಿದೆ.

ಇಪ್ಪತ್ತು ದಿನ ಬೇಕು, ಕೂಲಿ 2,200, ಚರ್ಮ ನೀನೇ ತಾ ಎಂದರು. ಚರ್ಮ ಚದರ ಅಡಿ ಲೆಕ್ಕದಲ್ಲಿ ಮಾರುತ್ತಾರೆ, ಆದರೆ ಕತ್ತರಿಸಿ ಕೊಡುವುದಿಲ್ಲ, ಇಡೀ ಆಡನ್ನೇ ಕೊಳ್ಳಬೇಕು. ನಮಗೆ ಬೇಕಿದ್ದದ್ದು ಎರಡು ಅಡಿಗಿಂತ ಕಡಿಮೆ, ಕೊಂಡದ್ದು ಐದು ಅಡಿ, 650 ರೂಪಾಯಿ. ತೊಗಟೆಯ ಹದದ್ದೋ ಕ್ರೋಮಿಯಂ ಲವಣದ ಹದದ್ದೋ ಎಂದು ಕೇಳಿದೆ. ತೊಗಟೆಯದಾದರೆ ಯಾವ ತೊಗಟೆ ಎಂದೂ ಕೇಳಿದೆ. ಅಂಗಡಿಯವರು ನಕ್ಕುಬಿಟ್ಟರು. ‘ಬ್ಯಾಗ್ ಹೊಲಿಯೋರು ಯಾರೂ ಇದನ್ನ ಕೇಳಲ್ಲ ಸಾರ್.’ 1901ರ ವರದಿ ತಲೆಯಲ್ಲಿ ಕೂತಿತ್ತು. ಯಾವ ತೊಗಟೆ ಎಂದು ಗೊತ್ತಿಲ್ಲದ ಚರ್ಮಕ್ಕಿಂತ ಕ್ರೋಮಿನದೇ ಆಗಲಿ ಎಂದುಕೊಂಡೆ. ಅದು ಕೆಂಪು ಪುಡಿಯಾಗಿ ಉದುರುವುದಿಲ್ಲ. ಆದರೆ ಅದರ ಮೇಲೆ ಚಿನ್ನದ ಅಕ್ಷರ ಒತ್ತಿದರೆ ಸರಿಯಾಗಿ ಕೂರುವುದಿಲ್ಲ, ಅಂಚು ಮಡಚಿದರೂ ಸ್ಪ್ರಿಂಗಿನಂತೆ ಎದ್ದು ನಿಲ್ಲುತ್ತದೆ. ಚಾಚಾ ಗೊಣಗಿದರು. ಅಜ್ಜಿಯ ಹೆಸರನ್ನು ಚಿನ್ನದಲ್ಲಿ ಹಾಕಿಸುವ ನನ್ನ ಆಸೆ ಅಲ್ಲಿಗೆ ಬಿತ್ತು. ಅವಳಿಗೆ ಅದು ಬೇಕಿರಲೂ ಇಲ್ಲ ಅನ್ನಿ.

ಮೆತ್ತನೆಯ ಹೊದಿಕೆಯ ಆಸೆಯೂ ಬಿತ್ತು. ಫೋನಿನಲ್ಲಿ ಕೇಳಿದ್ದಕ್ಕೆ ಅಜ್ಜಿ, ‘ತೊಡಿ ಮ್ಯಾಲ ಇಟ್ಕೊಂಡ್ರ ಜೋತು ಬೀಳಬಾರದು, ಒಳಗ ರಟ್ಟು ಹಾಕಸು’ ಅಂದಳು. ಹೀಗೆ ವಿಡಿಯೊಗಳಲ್ಲಿ ನೋಡಿ ಬಾಯಿ ಬಿಟ್ಟದ್ದರಲ್ಲಿ ಕೊನೆಗೆ ಉಳಿದದ್ದು ಆಡು ಮತ್ತು ಹೊಲಿಗೆ, ಎರಡೇ.

ಎರಡು ಶನಿವಾರ ಚಾಚಾ ಪಕ್ಕದಲ್ಲಿ ಕೂತು ನೋಡಿದೆ. ಪ್ರತಿ ಫಾರಮ್ಮಿನ ಮಡಿಕೆಯ ಒಳಗಿಂದ ಸೂಜಿ ಹೊರಬಂದು, ಅಡ್ಡ ಕಟ್ಟಿದ ಪಟ್ಟಿಯನ್ನು ಬಳಸಿ, ಮತ್ತೆ ಒಳಹೋಗುತ್ತದೆ. ತುದಿಯಲ್ಲಿ ಕೆಳಗಿನ ಫಾರಮ್ಮಿಗೆ ಒಂದು ಗಂಟು. 44 ಸಲ. ಹಾಳೆಯನ್ನು ಎಲ್ಲಿಯೂ ಬದಿಯಿಂದ ಚುಚ್ಚುವುದಿಲ್ಲ, ಹಾಗಾಗಿ ಪುಸ್ತಕ ಬುಡದವರೆಗೆ ತೆರೆದುಕೊಳ್ಳುತ್ತದೆ. ಅಂಚು ಕತ್ತರಿಸಬೇಡಿ ಎಂದು ನಾನು ಮೂರು ಸಲ ಹೇಳಿದ್ದಕ್ಕೆ ಅವರಿಗೆ ಸಿಟ್ಟು ಬಂದಿತ್ತು. ‘ಬರವಣಿಗೆ ನನಗೂ ಕಾಣುತ್ತೆ.’ ಪುಸ್ತಕ ಬಿಚ್ಚುವಾಗ ಉದುರಿದ್ದನ್ನೆಲ್ಲ ಒಂದು ಲಕೋಟೆಯಲ್ಲಿ ಇಟ್ಟಿದ್ದರು. ಬಸ್ ಟಿಕೆಟ್, ಗರಿಗಳ ಭಾನುವಾರದ ಒಣಗಿದ ಗರಿಯ ಶಿಲುಬೆ, ಒಂದು ರೂಪಾಯಿಯ ಹಳೇ ನೋಟು, ನನ್ನ ಮೂರನೇ ಕ್ಲಾಸಿನ ಪಾಸ್‌ಪೋರ್ಟ್ ಸೈಜ್ ಫೋಟೊ.

ನನ್ನ ಅಂಟಿನಿಂದ ಮಾತ್ರ ಪೂರ್ತಿ ಪಾರಾಗಲಿಲ್ಲ. ಎರಡು ಹಾಳೆಯ ಒಳ ಅಂಚು ಹರಿದುಕೊಂಡೇ ಬಂತು. ಚಾಚಾ ತೆಳು ಟಿಶ್ಯೂ ಅಂಟಿಸಿ ಗಟ್ಟಿ ಮಾಡಿದ್ದರು, ಆದರೆ ಹನ್ನೊಂದು ಸಾಲುಗಳಲ್ಲಿ ಕೊನೆಯ ಒಂದೆರಡು ಅಕ್ಷರ ಇರಲಿಲ್ಲ. ಹಣ ಕೊಡುವಾಗ, ಮಾಡಿದ್ದು ನಾನೇ ಎಂದು ಒಪ್ಪಿಕೊಂಡೆ. ‘ಅವತ್ತೇ ಗೊತ್ತಾಯ್ತು’ ಅಂದರು. ಐವತ್ತು ರೂಪಾಯಿ ವಾಪಸ್ ಕೊಟ್ಟು, ಒಳ್ಳೆಯ ಗೋಂದು ತಗೋ ಎಂದು ನಕ್ಕರು.

ಕ್ರಿಸ್‌ಮಸ್ ರಜೆಗೆ ರಾತ್ರಿ ರೈಲಿನಲ್ಲಿ ಚೀಲ ತಲೆದಿಂಬಾಗಿ ಇಟ್ಟುಕೊಂಡು ಹೋದೆ. ಅಜ್ಜಿ ಕೆಂಪು ತೊಗಲನ್ನು ನೋಡುವ ಮೊದಲು ಮೂಸಿದಳು. ಅಂಗೈಯಿಂದ ಸವರಿದಳು, ಬೆನ್ನಿನ ಮೇಲೆ ಬೆರಳಾಡಿಸಿದಳು. ನಡುವೆ ತೆರೆದು ತೊಡೆಯ ಮೇಲಿಟ್ಟಳು. ಏಳು ವರ್ಷದ ಮೇಲೆ ಅದು ಕೀರ್ತನೆಗಳಲ್ಲಿ ತೆರೆದು ಸುಮ್ಮನೆ ಮಲಗಿತು. ಹರಿದ ಅಕ್ಷರಗಳ ವಿಷಯ ನಾನೇ ಹೇಳಿದೆ.

‘ಪೆನ್ಸಿಲ್ ತಗೊಂಡು ಬಾ’ ಅಂದಳು.

ನಾನು ಸಾಲು ಓದುತ್ತ ಹೋಗಿ ಹರಿದ ಜಾಗಕ್ಕೆ ನಿಲ್ಲುತ್ತಿದ್ದೆ. ಅವಳು ಕಣ್ಣು ಮುಚ್ಚಿಕೊಂಡು ಉಳಿದ ಅಕ್ಷರ ಹೇಳುತ್ತಿದ್ದಳು. ಟಿಶ್ಯೂ ಮೇಲೆ ಪೆನ್ಸಿಲ್ ಜಾರುತ್ತಿತ್ತು. ಏಳನೇ ಸಾಲಿಗೆ ಬಂದಾಗ ನನ್ನ ಕೈ ಹಿಡಿದು ಪುಟವನ್ನು ಕಣ್ಣಿನ ಹತ್ತಿರ ತಂದುಕೊಂಡಳು.

‘ಬಿಇ ಓದಾಕತ್ತಿ, ಒತ್ತು ಬರಿಯಾಕ ಬರಂಗಿಲ್ಲೇನು? ಅಳಿಸಿ ಬರಿ.’